ವಿಷದ ಕಾಲುವೆಯಲ್ಲಿ ವಿಹಾರದ ದೋಣಿಗಳು

ಮನೆಯ ಹಿತ್ತಿಲ ಬಾವಿಯಲ್ಲಿ ಹೂಳು ತುಂಬಿ ನೀರು ಕೆಟ್ಟರೆ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಬಲ್ಲನು. ಬೇಸಗೆಯಲ್ಲಿ ಒರತೆ ಇಳಿದಾಗ ನಾಲ್ಕು ಮಂದಿ ಆಳುಗಳನ್ನು ಕರೆಯಿಸಿ, ನಿಂತ ನೀರನ್ನೆಲ್ಲ ಸೇದಿ ಹಾಕಿಸಿ, ತಳದ ಕೆಸರನ್ನು ಬುಟ್ಟಿ ಬುಟ್ಟಿಯಾಗಿ ಮೇಲಕ್ಕೆ ತೆಗೆಯಿಸಿದರೆ, ಎರಡು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ತೆಗೆದ ಕೆಸರು ತೆಂಗಿನ ಬುಡಕ್ಕೆ ಗೊಬ್ಬರವೂ ಆಗುತ್ತದೆ. ಆದರೆ ಬಾವಿಯ ಬದಲಾಗಿ ಒಂದೂವರೆ ಮೈಲಿ ಉದ್ದದ ಸಮುದ್ರದ ಕಾಲುವೆಯೇ ಕೆಟ್ಟುಹೋಗಿದ್ದರೆ? ಅದರ ತಳದಲ್ಲಿ ಕೂತಿರುವುದು ಬರಿಯ ಮಣ್ಣಲ್ಲದೆ, ನೂರು ವರ್ಷಗಳ ಡಾಂಬರು, ಸೀಸ, ಪಾದರಸ, ಎಣ್ಣೆಯ ಜಿಡ್ಡು ಇವುಗಳಾಗಿದ್ದರೆ? ಆ ನೀರನ್ನು ಸೇದಿ ಹಾಕುವಂತಿಲ್ಲ, ಏಕೆಂದರೆ ಉಬ್ಬರದೊಡನೆ ಕಡಲು ಮತ್ತೆ ಒಳನುಗ್ಗುತ್ತದೆ. ತೆಗೆದ ಕೆಸರನ್ನು ಯಾವ ಗಿಡದ ಬುಡಕ್ಕೂ ಹಾಕುವಂತಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿರುವ ಟಕೋಮಾ ಎಂಬ ನಗರಕ್ಕೆ ಇಂಥ ಕಷ್ಟ ಬಂದಿತ್ತು. ಆ ನಗರದವರು ಅದನ್ನು ಎದುರಿಸಿದ ಬಗೆಯನ್ನೂ, ಅವರ ಕೆಲಸ ಎಲ್ಲಿ ಮುಗಿಯಿತು, ಎಲ್ಲಿ ಇನ್ನೂ ಮುಗಿದಿಲ್ಲವೆಂಬುದನ್ನೂ ವಾಚಕರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಟಕೋಮಾ ನಗರವು ವಾಷಿಂಗ್‌ಟನ್ ಸಂಸ್ಥಾನದಲ್ಲಿ, ಸಿಯಾಟಲ್ ಪಟ್ಟಣದ ದಕ್ಷಿಣಕ್ಕೆ, ‘ಪ್ಯೂಜೆಟ್ ಸೌಂಡ್’ ಎಂಬ ಕಡಲ ಚಾಚಿನ ದಂಡೆಯ ಮೇಲಿದೆ. ಅದರ ಮುಂದಿನ ಕೊಲ್ಲಿಗೆ ‘ಕಮೆನ್ಸ್‌ಮೆಂಟ್ ಬೇ’ ಎಂದು ಹೆಸರು. ಅಂದರೆ ‘ಆರಂಭದ ಕೊಲ್ಲಿ’. ೧೮೪೧ನೆಯ ಇಸವಿಯಲ್ಲಿ ವಿಲ್ಕ್ಸ್ ಎಂಬ ನೌಕಾಧಿಕಾರಿಯ ತಂಡದವರು ಅಲ್ಲಿಂದ ಕಡಲಿನ ಮೋಜಣಿಯನ್ನು ಆರಂಭಿಸಿದ್ದರಿಂದ ಆ ಹೆಸರು ಬಂದಿತು. ಹಿಂದೆ ನೋಡಿದರೆ ವರ್ಷವಿಡೀ ಹಿಮ ಹೊದ್ದಿರುವ ರೇನಿಯರ್ ಪರ್ವತ; ಅದರ ಹಿಮನದಿಗಳಿಂದ ಇಳಿದು ಬರುವ ಪ್ಯುಯಾಲಪ್ ನದಿಯು ಈ ಕೊಲ್ಲಿಯಲ್ಲಿ ಸಮುದ್ರವನ್ನು ಸೇರುತ್ತದೆ. ನದಿಗೆ ಹೆಸರು ಅಲ್ಲಿನ ಮೂಲನಿವಾಸಿಗಳದು. ಆ ಜನರು ಅಳಿವೆಯ ಕೆಸರುಭೂಮಿಯಲ್ಲಿ ಚಿಪ್ಪುಮೀನುಗಳನ್ನು ಆಯ್ದುಕೊಂಡು, ನದಿಯೇರಿ ಬರುವ ಸಾಮನ್ ಮೀನುಗಳನ್ನು ಹಿಡಿದುಕೊಂಡು, ಎಷ್ಟೋ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದರು. ೧೮೫೪ರಲ್ಲಿ ಅವರೊಡನೆ ಒಂದು ಕೌಲು ನಡೆಯಿತು. ಆ ಕೌಲಿನಿಂದ ಅವರ ಭೂಮಿಯ ಬಹುಪಾಲು ಬಿಳಿಯರ ಕೈಸೇರಿತು. ಮೀನು ಹಿಡಿಯುವ ಹಕ್ಕು ಮಾತ್ರ ಕಾಗದದ ಮೇಲೆ ಅವರಿಗೇ ಉಳಿಯಿತು.

೧೮೭೩ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಯವರು ತಮ್ಮ ದಾರಿಯ ಕೊನೆಯ ನಿಲ್ದಾಣ ಟಕೋಮಾದಲ್ಲಾಗಬೇಕೆಂದು ನಿರ್ಣಯಿಸಿದರು. ಊರಿನ ಜಾತಕವೇ ತಿರುಗಿತು. ಅಳಿವೆಯ ಕೆಸರುಭೂಮಿಯನ್ನು ಅಗೆದು ಹಡಗುಗಳು ಒಳಬರುವಂತೆ ಉದ್ದುದ್ದನೆಯ ಕಾಲುವೆಗಳನ್ನು ಮಾಡಿದರು. ಅಗೆದ ಮಣ್ಣನ್ನು ಎರಡೂ ಕಡೆ ಹರಡಿ ನೆಲವನ್ನು ಎತ್ತರಿಸಿದರು. ಪಟ್ಟಣಕ್ಕೆ ತಗಲಿಕೊಂಡಿದ್ದ ಕಾಲುವೆಗೆ ‘ನಗರದ ಕಾಲುವೆ’ ಎಂದೇ ಹೆಸರಾಯಿತು. ಅದರ ದಂಡೆಯಲ್ಲಿ ಮೈಲಿಯುದ್ದಕ್ಕೂ ಗೋಧಿಯ ಉಗ್ರಾಣಗಳು ಎದ್ದವು. ಮರ ಕೊಯ್ಯುವ ಕಾರ್ಖಾನೆಗಳು, ಬಾಗಿಲು ಕಿಟಕಿಗಳನ್ನು ಮಾಡುವ ಕಾರ್ಖಾನೆ, ಹಿಟ್ಟಿನ ಗಿರಣಿ, ಹಡಗು ಕಟ್ಟುವ ಅಂಗಳ, ಎಣ್ಣೆಯ ತೊಟ್ಟಿಗಳು ಒಂದರ ಹಿಂದೊಂದು ಬಂದವು. ಕಾಲುವೆಯ ತುದಿಯಲ್ಲಿ, ಬೀದಿದೀಪಗಳಿಗಾಗಿ ಕಲ್ಲಿದ್ದಲನ್ನು ಕಾಸಿ ಅನಿಲ ತೆಗೆಯುವ ಕಾರ್ಖಾನೆಯೊಂದು ನಡೆಯುತ್ತಿತ್ತು. ಅನಿಲವು ದೀಪಕ್ಕೆ ಹೋಯಿತು. ಹಿಂದೆ ಉಳಿದ ಕಪ್ಪು ಡಾಂಬರು ನೆಲಕ್ಕೂ ನೀರಿಗೂ ಇಳಿಯಿತು. ಆಗಿನ ಕಾಲದಲ್ಲಿ ಇದನ್ನು ಯಾರೂ ಅಪರಾಧವೆಂದು ತಿಳಿದಿರಲಿಲ್ಲ. ಸಮುದ್ರವು ದೊಡ್ಡದು, ಅದು ಎಲ್ಲವನ್ನೂ ಕೊಂಡೊಯ್ಯುತ್ತದೆ ಎಂಬುದೇ ಎಲ್ಲರ ನಂಬಿಕೆಯಾಗಿತ್ತು.

ಈ ದಂಡೆಯ ಕಥೆಯಲ್ಲಿ ಒಬ್ಬ ಹೆಣ್ಣುಮಗಳ ವೃತ್ತಾಂತವುಂಟು; ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು. ೧೮೮೯ರಲ್ಲಿ ನಾರ್ವೆ ದೇಶದಿಂದ ಬಂದ ಥಿಯಾ ಫಾಸ್ ಎಂಬ ಗೃಹಿಣಿ ಈ ಊರಿನಲ್ಲಿ, ನೀರಿನ ಮೇಲೆ ತೇಲುವ ಒಂದು ಮನೆಯಲ್ಲಿ ಸಂಸಾರ ಹೂಡಿದ್ದಳು. ಗಂಡನು ಬಡಗಿ; ಮನೆ ಕಟ್ಟುವ ಕೂಲಿಗೆಂದು ಊರ ಹೊರಗೆ ಹೋಗಿದ್ದನು. ಆಗ ಬೇಸತ್ತ ಬೆಸ್ತನೊಬ್ಬನು ತನ್ನ ಹಳೆಯ ದೋಣಿಯನ್ನು ಮಾರಲು ಬಂದನು. ಥಿಯಾ ಐದು ಡಾಲರು ಕೊಟ್ಟು ಅದನ್ನು ಕೊಂಡು, ಬಿಳಿಯ ಬಣ್ಣವನ್ನೂ ಹಸಿರು ಅಂಚನ್ನೂ ಬಳಿದು, ಲಾಭಕ್ಕೆ ಮಾರಿದಳು. ಬಂದ ಹಣದಿಂದ ಮತ್ತಷ್ಟು ದೋಣಿಗಳನ್ನು ಕೊಂಡಳು; ಕೆಲವನ್ನು ಮಾರಿದಳು, ಕೆಲವನ್ನು ಬಾಡಿಗೆಗೆ ಬಿಟ್ಟಳು. ಗಂಡನು ಕೆಲಸ ಮುಗಿಸಿ ಮನೆಗೆ ಬಂದಾಗ ಅವನು ತಂದ ಕೂಲಿಗಿಂತ ಹೆಂಡತಿಯ ಗಳಿಕೆಯೇ ಹೆಚ್ಚಾಗಿತ್ತೆಂದು ಹೇಳುವರು. ಆ ದಂಪತಿಗಳ ದೋಣಿಯ ವ್ಯಾಪಾರವು ಬೆಳೆದು, ದೊಡ್ಡ ಹಡಗುಗಳನ್ನು ರೇವಿಗೆ ಎಳೆದು ತರುವ ‘ಟಗ್’ ದೋಣಿಗಳ ಪ್ರಸಿದ್ಧ ಸಂಸ್ಥೆಯಾಯಿತು. ಆ ದೋಣಿಗಳಿಗೆ ಬಿಳಿ ಹಸಿರುಗಳೇ ಗುರುತಾಗಿ ನಿಂತವು. ‘ಸದಾ ಸಿದ್ಧ’ ಎಂಬುದು ಸಂಸ್ಥೆಯ ಘೋಷವಾಯಿತು. ಆಕೆ ೧೯೨೭ರಲ್ಲಿ ತೀರಿಕೊಂಡಳು. ೧೯೮೯ರಲ್ಲಿ ‘ನಗರದ ಕಾಲುವೆ’ಗೆ ‘ಥಿಯಾ ಫಾಸ್ ಕಾಲುವೆ’ ಎಂದು ಹೊಸ ಹೆಸರಿಟ್ಟರು. ದೋಣಿಯ ಬಾಡಿಗೆಯಿಂದ ಬಾಳು ಕಟ್ಟಿಕೊಂಡವಳ ಹೆಸರು ಮುಂದೆ ದೋಣಿಗಳ ನಿಲ್ದಾಣವಾಗಲಿದ್ದ ಜಾಗಕ್ಕೆ ಬಂದದ್ದು ಸೊಗಸಾದ ಸಂಗತಿಯೇ ಸರಿ. ಆದರೆ ಹೆಸರಿಡುವ ಹೊತ್ತಿಗೆ ಆ ನೀರಿನ ಗತಿ ಏನಾಗಿತ್ತೆಂಬುದನ್ನು ಕೇಳಬೇಕು.

ಎರಡನೆಯ ಮಹಾಯುದ್ಧದ ತರುವಾಯ ಸರಕು ಸಾಗಾಟವು ಬೇರೆ ಹಾದಿ ಹಿಡಿಯಿತು. ಹೊಸ ದೊಡ್ಡ ಹಡಗುಗಳಿಗೆ ಹಳೆಯ ಕಾಲುವೆ ಸಾಲದೆ, ಅವು ಅಳಿವೆಯ ಆಚೆಯ ಕಾಲುವೆಗಳಿಗೆ ಹೋದವು. ಉಗ್ರಾಣಗಳು ಪಾಳುಬಿದ್ದವು. ಉಳಿದುದೆಂದರೆ ತುಕ್ಕು, ಮುರಿದ ಧಕ್ಕೆಗಳು, ಕೆಸರಿನಲ್ಲಿ ಹುದುಗಿದ ಮರದ ಹೊಟ್ಟು, ನೀರಿನ ಮೇಲೆ ಬಣ್ಣ ಬಣ್ಣವಾಗಿ ಹರಡಿದ ಎಣ್ಣೆಯ ಪೊರೆ. ಇಳಿತದ ಹೊತ್ತಿನಲ್ಲಿ ಬರುವ ದುರ್ನಾತವು ಬೇರೆ. ನಗರದ ಕಾಗದದ ತಿರುಳಿನ ಕಾರ್ಖಾನೆಯ ವಾಸನೆಯೂ ಸೇರಿ ‘ಟಕೋಮಾದ ಪರಿಮಳ’ ಎಂದು ನೆರೆಯೂರಿನವರು ಹಾಸ್ಯ ಮಾಡುತ್ತಿದ್ದರು.

ಹಾಸ್ಯಕ್ಕೆ ಮೀರಿದ ಸಂಗತಿಯು ನೀರಿನಡಿಯಲ್ಲಿತ್ತು. ಡಾಂಬರಿನಲ್ಲಿರುವ ಕೆಲವು ವಸ್ತುಗಳು ನೀರಿನಲ್ಲಿ ಕರಗುವುದು ಬಹಳ ಅಲ್ಪ. ಅವು ನವುರಾದ ಕೆಸರಿನ ಕಣಗಳಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತವೆ. ಆ ಕೆಸರಿನಲ್ಲಿ ಹುಳುಗಳೂ ಚಿಪ್ಪಿನ ಜೀವಿಗಳೂ ಇರುತ್ತವೆ. ಅವನ್ನು ತಿನ್ನುವುದು ತಳದಲ್ಲೇ ಮಲಗಿ ಬಾಳುವ ಚಪ್ಪಟೆ ಮೀನು, ನಮ್ಮ ಕರಾವಳಿಯ ನಂಗು ಮೀನಿನ ಜಾತಿಯದು. ಪ್ಯೂಜೆಟ್ ಸೌಂಡಿನ ಕಾರ್ಖಾನೆಗಳ ದಂಡೆಗಳಲ್ಲಿ ಹಿಡಿದ ಇಂಥ ಮೀನುಗಳ ಹೊಟ್ಟೆಯನ್ನು ಸೀಳಿ ನೋಡಿದ ಶಾಸ್ತ್ರಜ್ಞರಿಗೆ ಯಕೃತ್ತಿನಲ್ಲಿ ಗೆಡ್ಡೆಗಳು ಕಂಡವು. ಮೀನಿಗೆ ಬಂದದ್ದು ಮೀನು ತಿನ್ನುವವರ ಕಡೆಗೆ ಬರಲು ಎಷ್ಟು ದೂರ? ಈ ಕೊಲ್ಲಿಯ ಮೀನನ್ನು ತಿನ್ನುವ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಆರೋಗ್ಯದ ಇಲಾಖೆಯವರು ಜನರಿಗೆ ಸಾರಿದರು. ಕೌಲಿನ ಪ್ರಕಾರ ಮೀನಿನ ಹಕ್ಕು ಉಳಿಸಿಕೊಂಡಿದ್ದ ಪ್ಯುಯಾಲಪ್ ಜನರಿಗೆ ಈ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಹಕ್ಕು ಉಳಿದಿತ್ತು, ತಿನ್ನತಕ್ಕ ಮೀನು ಉಳಿದಿರಲಿಲ್ಲ.

೧೯೮೦ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಒಂದು ಕಠಿಣವಾದ ಶಾಸನವನ್ನು ಮಾಡಿತು. ಅದಕ್ಕೆ ರೂಢಿಯಲ್ಲಿ ‘ಸೂಪರ್‌ಫಂಡ್’ ಎಂದು ಹೆಸರು. ಹೊಲಸು ಮಾಡಿದವನೇ ಶುದ್ಧಿಯ ವೆಚ್ಚವನ್ನು ತೆರಬೇಕೆಂಬುದು ಅದರ ತಿರುಳು. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಿಂದಿನ ಕಾಲದಲ್ಲಿ ಕಾನೂನಿಗೆ ವಿರುದ್ಧವಲ್ಲದ ಕೆಲಸವಾದರೂ ಸರಿಯೆ, ಅದರಿಂದ ನೆಲ ಕೆಟ್ಟಿದ್ದರೆ ಮಾಡಿದವನು ಹೊಣೆ, ಕೆಟ್ಟ ನೆಲವನ್ನು ಈಗ ಹೊಂದಿರುವ ಒಡೆಯನೂ ಹೊಣೆ. ತಾತನ ಸಾಲ ಮೊಮ್ಮಗನ ತಲೆಗೆ ಎಂಬ ನಮ್ಮ ಹಳೆಯ ವಾಡಿಕೆಯನ್ನು ಇದು ನೆನಪಿಗೆ ತರುತ್ತದೆ. ೧೯೮೧ರಲ್ಲಿ ಸರ್ಕಾರದ ಪರಿಸರ ರಕ್ಷಣೆಯ ಇಲಾಖೆಯು ದೇಶದಲ್ಲಿ ಅತ್ಯಂತ ಅಪಾಯಕರವಾದ ಹತ್ತು ಜಾಗಗಳಲ್ಲಿ ಕಮೆನ್ಸ್‌ಮೆಂಟ್ ಕೊಲ್ಲಿಯೂ ಒಂದೆಂದು ಪ್ರಕಟಿಸಿತು. ೧೯೮೩ರಲ್ಲಿ ಅದು ಶುದ್ಧಿಯಾಗಬೇಕಾದ ಜಾಗಗಳ ಪಟ್ಟಿಯಲ್ಲಿ ಸೇರಿತು. ೧೯೮೯ರಲ್ಲಿ ಶುದ್ಧಿಯ ಕ್ರಮವು ನಿರ್ಣಯವಾಯಿತು.

ಇದೇ ಕಾಲದಲ್ಲಿ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು. ರಸ್ಟನ್ ಎಂಬ ಪುಟ್ಟ ಊರಿನಲ್ಲಿ ತಾಮ್ರವನ್ನು ಕರಗಿಸುವ ದೊಡ್ಡ ಕಾರ್ಖಾನೆಯಿತ್ತು. ೧೯೧೭ರಲ್ಲಿ ಕಟ್ಟಿದ ಅದರ ಹೊಗೆಗೂಡು ೫೭೧ ಅಡಿ ಎತ್ತರ. ಅಲ್ಲಿಗೆ ಬರುವ ಅದುರಿನಲ್ಲಿ ಪಾಷಾಣದ ಅಂಶ ಬಹಳ. ಪಾಷಾಣವನ್ನೂ ಬೇರ್ಪಡಿಸಿ ಕೀಟನಾಶಕ ಮೊದಲಾದವುಗಳಿಗೆ ಮಾರುತ್ತಿದ್ದರು. ಹೊಗೆಯೊಡನೆ ಹಾರಿದ ಪಾಷಾಣವೂ ಸೀಸವೂ ಸಾವಿರ ಚದರ ಮೈಲಿಗೂ ಮಿಕ್ಕ ನೆಲದ ಮೇಲೆ, ಮನೆಗಳ ಅಂಗಳಗಳ ಮೇಲೆ, ಮಕ್ಕಳು ಆಡುವ ಮಣ್ಣಿನ ಮೇಲೆ ಬಿದ್ದವು. ೧೯೮೩ರಲ್ಲಿ ಪರಿಸರ ಇಲಾಖೆಯ ಮುಖ್ಯಾಧಿಕಾರಿ ವಿಲಿಯಂ ರಕಲ್ಸ್‌ಹೌಸ್ ಎಂಬವರು ಒಂದು ವಿಚಿತ್ರವಾದ ಕೆಲಸ ಮಾಡಿದರು. ಎಷ್ಟು ಯಂತ್ರಗಳನ್ನು ಕೂಡಿಸಿದರೂ ಹೊಗೆಯಿಂದ ಕೆಲವರಿಗೆ ಅರ್ಬುದ ರೋಗ ಬರುವ ಸಂಭವ ಉಳಿಯುತ್ತದೆ. ಕಾರ್ಖಾನೆಯನ್ನು ಮುಚ್ಚಿಸಿದರೆ ಐನೂರಕ್ಕೂ ಹೆಚ್ಚು ಸಂಸಾರಗಳ ಅನ್ನ ಹೋಗುತ್ತದೆ. ಏನು ಮಾಡೋಣವೆಂದು ಅವರು ಊರಿನ ಜನರನ್ನೇ ಸಭೆ ಕೂಡಿಸಿ ಕೇಳಿದರು. ಇದು ಜನರ ಮೇಲೆ ಹೊರಿಸತಕ್ಕ ಭಾರವೇ ಎಂದು ಆಕ್ಷೇಪಿಸಿದವರೂ ಉಂಟು. ಜನರು ಕೊಟ್ಟ ಉತ್ತರವು ಎಣಿಕೆಗೆ ಮೀರಿದ್ದು. ‘ಎರಡೂ’ ಎಂಬ ಒಂದೇ ಮಾತನ್ನು ಬರೆದ ಗುಂಡಿಬಿಲ್ಲೆಗಳನ್ನು ಅವರು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಿದರು. ಕೆಲಸವೂ ಬೇಕು, ಆರೋಗ್ಯವೂ ಬೇಕು ಎಂದು ಅದರ ಅರ್ಥ. ನನ್ನ ಮಟ್ಟಿಗೆ ಹೇಳುವುದಾದರೆ, ಅದಕ್ಕಿಂತ ಸರಿಯಾದ ಉತ್ತರವಿಲ್ಲ.

ಆದರೆ ಇಲಾಖೆಯ ತೀರ್ಪು ಬರುವ ಮೊದಲೇ ತಾಮ್ರದ ಧಾರಣೆ ಕುಸಿದಿತ್ತು. ೧೯೮೫ರಲ್ಲಿ ಕುಲುಮೆಗಳು ಆರಿದವು. ೧೯೯೩ನೆಯ ಜನವರಿ ೧೭ರಂದು ಹೊಗೆಗೂಡನ್ನು ಸಿಡಿಮದ್ದಿಟ್ಟು ಕೆಡವಿದರು. ಸಾವಿರಾರು ಜನ ನೆರೆದು ನೋಡಿದರು. ಕಾರ್ಖಾನೆಯವರು ದಶಕಗಳ ಕಾಲ ಕಡಲಿಗೆ ಸುರಿದ ಕಿಟ್ಟವು ಗಟ್ಟಿಯಾಗಿ ಅಲ್ಲೊಂದು ನೆಲಚಾಚೇ ಆಗಿಹೋಗಿತ್ತು. ಅದರ ಮರೆಯಲ್ಲಿ ಅಲೆಗಳ ಹೊಡೆತ ತಪ್ಪುತ್ತಿದ್ದುದರಿಂದ ವಿಹಾರನೌಕೆಗಳ ಸಂಘದವರು ಅಲ್ಲಿ ದೋಣಿಗಳನ್ನು ಕಟ್ಟತೊಡಗಿದರು. ವಿಷದ ಗೋಡೆಯೇ ದೋಣಿಗಳಿಗೆ ಆಶ್ರಯವಾದದ್ದು ಹೀಗೆ. ಈಗ ಆ ಕಿಟ್ಟಕ್ಕೆ ಮುಚ್ಚಿಗೆ ಹಾಕಿ, ಅಂಚಿಗೆ ಬಂಡೆಗಳನ್ನು ಪೇರಿಸಿ, ಮೇಲೆ ಉದ್ಯಾನ ಮಾಡಿದ್ದಾರೆ. ೨೦೧೯ರಲ್ಲಿ ತೆರೆದ ಆ ಉದ್ಯಾನಕ್ಕೆ ‘ಡ್ಯೂನ್’ ಎಂದು ಹೆಸರು. ಮರಳುಗಾಡಾಗಿ ಹೋದ ಲೋಕವನ್ನು ಕುರಿತು ೧೯೬೫ರಲ್ಲಿ ಆ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದ ಫ್ರ್ಯಾಂಕ್ ಹರ್ಬರ್ಟ್ ಎಂಬ ಲೇಖಕನು ಟಕೋಮಾದಲ್ಲೇ ಹುಟ್ಟಿದವನು.

ಇನ್ನು ಥಿಯಾ ಫಾಸ್ ಕಾಲುವೆಗೆ ಮರಳೋಣ. ೧೯೯೧ರಲ್ಲಿ ಟಕೋಮಾದ ನಗರಸಭೆಯು ಒಂದು ಸಾಹಸಕ್ಕೆ ಕೈಹಾಕಿ, ಕಾಲುವೆಯ ಪಶ್ಚಿಮ ದಂಡೆಯಲ್ಲಿ ೨೭ ಎಕರೆ ಪಾಳುನೆಲವನ್ನು ಕೊಂಡುಕೊಂಡಿತು. ಕೆಟ್ಟ ನೆಲದ ಒಡೆಯನೇ ಶುದ್ಧಿಗೆ ಹೊಣೆಯೆಂಬ ಶಾಸನವಿರುವಾಗ ಇದನ್ನು ಕೊಳ್ಳುವುದು ಸಾಲದ ಮನೆಗೆ ದತ್ತು ಹೋದಂತೆ. ಆದರೆ ನಗರಸಭೆಯು ಹೊಣೆಯಿಂದ ಮೊದಲೇ ತಪ್ಪಿಸಿಕೊಳ್ಳುವಂತಿರಲಿಲ್ಲ. ಏಕೆಂದರೆ ಊರಿನ ಮಳೆನೀರಿನ ಚರಂಡಿಗಳೆಲ್ಲ ಅದರವೇ, ಅವುಗಳ ಬಾಯಿ ಈ ಕಾಲುವೆಗೇ ತೆರೆದಿತ್ತು. ಹೇಗೂ ತೆರಬೇಕಾದ ದಂಡವಾದರೆ ಅದರಿಂದ ಊರಿಗೆ ಒಂದು ಒಳ್ಳೆಯ ದಂಡೆಯಾದರೂ ಸಿಗಲಿ ಎಂಬ ಲೆಕ್ಕ ಅವರದು. ೧೯೯೬ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಮಂಡಲಿಯನ್ನು ರಚಿಸಿದರು.

ಶುದ್ಧಿಯ ಕೆಲಸವು ೨೦೦೨ರಿಂದ ೨೦೦೬ರವರೆಗೆ ನಡೆಯಿತು. ಅದರ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏತಕ್ಕೆಂದರೆ ‘ಶುದ್ಧಿ’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಉಪಾಯಗಳು ಅಡಗಿವೆ.

ಮೊದಲನೆಯದು ಹೂಳೆತ್ತುವುದು. ತೆಪ್ಪದಂಥ ನಾವೆಯ ಮೇಲೆ ನಿಂತ ಯಂತ್ರದ ತೊಟ್ಟಿಲು ತಳದ ಕೆಸರನ್ನು ಬಾಚಿ ತರುತ್ತದೆ. ಇದರಲ್ಲಿ ಅಪಾಯವುಂಟು: ಕೆದಕಿದ ಕೆಸರು ನೀರಿನಲ್ಲಿ ಕದಡಿ, ಮಲಗಿದ್ದ ವಿಷ ಏಳುತ್ತದೆ. ಆದಕಾರಣ ಮೆಲ್ಲಗೆ ಎತ್ತಬೇಕು; ನೀರಿನ ಕಲಕನ್ನು ಆಗಾಗ್ಗೆ ಅಳೆಯುತ್ತಿರಬೇಕು. ಸಾಮನ್ ಮರಿಗಳು ನದಿಯಿಂದ ಕಡಲಿಗೆ ಇಳಿಯುವ ವಸಂತಕಾಲದಲ್ಲಿ ನೀರಿನಲ್ಲಿ ಕೈಯಾಡಿಸಕೂಡದೆಂಬ ನಿಯಮವೂ ಇತ್ತು. ಬೇಸಗೆಯ ನಡುವಿನಿಂದ ಚಳಿಗಾಲದ ಕೊನೆಯವರೆಗೆ ಮಾತ್ರ ಕೆಲಸ. ನಮ್ಮಲ್ಲಿ ಮುಹೂರ್ತ ನೋಡಿ ಬಾವಿ ತೋಡುವಂತೆ ಅಲ್ಲಿ ಮೀನಿನ ಪಂಚಾಂಗ ನೋಡಿ ಹೂಳೆತ್ತಿದರು.

ಎತ್ತಿದ್ದನ್ನು ಎಲ್ಲಿ ಹಾಕುವುದು? ಈ ಪ್ರಶ್ನೆಯ ಮುಂದೆ ಅನೇಕ ಶುದ್ಧಿಯ ಯೋಜನೆಗಳು ಮುಗ್ಗರಿಸುತ್ತವೆ. ದೂರದ ಊರಿಗೆ ಸಾಗಿಸಿದರೆ ಆ ಊರಿನವರು ಸುಮ್ಮನಿರುವರೇ? ಟಕೋಮಾದವರು ಪಕ್ಕದಲ್ಲೇ ಇದ್ದ ‘ಸೇಂಟ್ ಪಾಲ್ ಕಾಲುವೆ’ ಎಂಬ ಹಳೆಯ ಕಾಲುವೆಯ ಬಾಯಿಗೆ ಒಡ್ಡು ಹಾಕಿ, ಎತ್ತಿದ ಕೆಸರನ್ನು ಅದರೊಳಗೆ ತುಂಬಿ, ಮೇಲೆ ಒಳ್ಳೆಯ ಮಣ್ಣು ಹೊದಿಸಿ, ಆ ಕಾಲುವೆಯನ್ನು ನೆಲವನ್ನಾಗಿ ಮಾಡಿಬಿಟ್ಟರು. ಅಂದರೆ ಒಂದು ಕಾಲುವೆಯನ್ನು ಉಳಿಸಲು ಇನ್ನೊಂದನ್ನು ಬಲಿಕೊಟ್ಟಂತಾಯಿತು. ಹೋದ ನೀರಿಗೆ ಬದಲಾಗಿ ಬೇರೆಡೆಯಲ್ಲಿ ಮೀನುಮರಿಗಳಿಗೆ ಅನುಕೂಲವಾದ ಉಬ್ಬರವಿಳಿತದ ತಗ್ಗುಭೂಮಿಯನ್ನು ಮಾಡಿಕೊಟ್ಟರು. ಇದು ಪೂರ್ತಿ ತೃಪ್ತಿಕರವೆಂದು ನಾನು ಹೇಳಲಾರೆ. ಆದರೆ ವಿಷವನ್ನು ಹಡೆದ ಊರೇ ಅದನ್ನು ತನ್ನ ಮಡಿಲಲ್ಲಿಟ್ಟುಕೊಂಡದ್ದು ಪ್ರಾಮಾಣಿಕವಾದ ಕೆಲಸ.

ಎರಡನೆಯ ಉಪಾಯವು ಮುಚ್ಚಿಗೆ. ಕೆಲವೆಡೆ ವಿಷವು ಅಷ್ಟು ಆಳಕ್ಕೆ ಇಳಿದಿತ್ತು. ಅದನ್ನೆಲ್ಲ ಅಗೆಯುತ್ತ ಹೋದರೆ ದಂಡೆಯ ಕಟ್ಟಡಗಳೇ ಜಾರಿಬೀಳುವ ಭಯ. ಅಂಥಲ್ಲಿ ಶುದ್ಧವಾದ ಮರಳನ್ನೂ ಜಲ್ಲಿಯನ್ನೂ ಸುಮಾರು ಮೂರು ಅಡಿ ದಪ್ಪಕ್ಕೆ ತಳದ ಮೇಲೆ ಹಾಸಿದರು. ಹುಳುಗಳು ಕೊರೆಯುವ ಆಳಕ್ಕಿಂತ ಮುಚ್ಚಿಗೆ ದಪ್ಪವಾಗಿದ್ದರೆ ಕೆಳಗಿನ ವಿಷಕ್ಕೂ ಮೇಲಿನ ಜೀವಿಗಳಿಗೂ ಸಂಬಂಧ ತಪ್ಪುತ್ತದೆ. ಅನಿಲದ ಕಾರ್ಖಾನೆಯ ಡಾಂಬರು ಸೇರಿದ್ದ ಕಾಲುವೆಯ ತುದಿಯಲ್ಲಿ ಉಕ್ಕಿನ ಹಲಗೆಗಳನ್ನು ಸಾಲಾಗಿ ನೆಲಕ್ಕೆ ಬಡಿದು ಗೋಡೆ ನಿಲ್ಲಿಸಿ, ಅದರ ಹಿಂದೆ ಮುಚ್ಚಿಗೆ ಹಾಕಿದರು. ಈ ಭಾಗದ ಕೆಲಸವನ್ನು ಅನಿಲ ಮತ್ತು ವಿದ್ಯುತ್ತಿನ ಸಂಸ್ಥೆಗಳು ವಹಿಸಿಕೊಂಡವು.

ಮೂರನೆಯ ಉಪಾಯವು ಸುಮ್ಮನೆ ಬಿಡುವುದು. ಕೇಳಲು ಸೋಮಾರಿತನದಂತೆ ತೋರಿದರೂ ಇದರಲ್ಲಿ ಅರ್ಥವುಂಟು. ವಿಷವು ಕಡಮೆಯಿರುವ ಜಾಗದಲ್ಲಿ ನದಿಯು ತರುವ ಹೊಸ ಮಣ್ಣು ವರ್ಷ ವರ್ಷವೂ ಮೇಲೆ ಕೂರುತ್ತ ತಾನಾಗಿಯೇ ಮುಚ್ಚಿಗೆಯಾಗುತ್ತದೆ. ಆದರೆ ಒಂದು ಷರತ್ತು: ಹೊಸದಾಗಿ ಬರುವ ಮಣ್ಣು ಶುದ್ಧವಾಗಿರಬೇಕು.

ಒಟ್ಟು ವೆಚ್ಚ ಹತ್ತು ಕೋಟಿ ಡಾಲರಿಗೂ ಮೀರಿತು. ಕೆಲಸ ಮುಗಿಯುವ ಮೊದಲೇ ದಂಡೆಯ ಮೇಲೆ ಹೊಸ ಕಟ್ಟಡಗಳು ಎದ್ದಿದ್ದವು. ೨೦೦೨ರಲ್ಲಿ ಅಲ್ಲಿ ಗಾಜಿನ ವಸ್ತುಸಂಗ್ರಹಾಲಯವು ತೆರೆಯಿತು. ಹಿಂದೆ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಹೊಟ್ಟು ಸುಡುವ ದೊಡ್ಡ ಗೂಡುಗಳಿರುತ್ತಿದ್ದವು; ಅವುಗಳ ಆಕಾರದಲ್ಲಿ ೯೦ ಅಡಿ ಎತ್ತರದ ಓರೆಯಾದ ಶಂಕುವನ್ನು ಕಟ್ಟಿ, ಅದರೊಳಗೆ ಗಾಜು ಊದುವವರಿಗೆ ಕುಲುಮೆ ಮಾಡಿಕೊಟ್ಟಿದ್ದಾರೆ. ಒಂದು ಹಳೆಯ ಗೋಧಿಯ ಉಗ್ರಾಣವು ನೌಕಾಯಾನದ ವಸ್ತುಸಂಗ್ರಹಾಲಯವಾಗಿದೆ. ಸಂಗ್ರಹಾಲಯದ ಮುಂದೆ, ಒಂದು ಕಾಲದಲ್ಲಿ ಡಾಂಬರಿನ ಪೊರೆ ತೇಲುತ್ತಿದ್ದ ನೀರಿನ ಮೇಲೆ, ಬಿಳಿಯ ದೋಣಿಗಳು ಸಾಲುಗಟ್ಟಿ ನಿಂತಿವೆ.

ದೋಣಿಗಳ ಇಂಥ ನಿಲ್ದಾಣಕ್ಕೆ ಅವರ ದೇಶದಲ್ಲಿ ‘ಮರೀನಾ’ ಎನ್ನುವರು. ನಮ್ಮವರಿಗೆ ಆ ಮಾತು ಮದರಾಸಿನ ಮರಳುದಂಡೆಯನ್ನು ನೆನಪಿಗೆ ತರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಗವರ್ನರಾಗಿದ್ದ ಗ್ರ್ಯಾಂಟ್ ಡಫ್ ಸಾಹೇಬರು ತಾವು ಮಾಡಿಸಿದ ವಿಹಾರಮಾರ್ಗಕ್ಕೆ ಇಟ್ಟ ಹೆಸರು ಅದು. ಅಲ್ಲಿ ದೋಣಿಯಿಲ್ಲ, ಇಲ್ಲಿ ಮರಳಿಲ್ಲ; ಹೆಸರು ಮಾತ್ರ ಒಂದೇ. ದೋಣಿಯ ಒಡೆಯರು ಸಿರಿವಂತರು, ಅವರ ವಿನೋದಕ್ಕಾಗಿ ಇಷ್ಟು ಹಣವೇ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಕಾಲುವೆಯ ಪಕ್ಕದ ಕಾಲುದಾರಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ದೋಣಿಯಿಲ್ಲದವನೂ ಅಲ್ಲಿ ನಡೆದಾಡಬಹುದು. ಪ್ಯುಯಾಲಪ್ ಜನರ ಭೂಮಿಯ ವ್ಯಾಜ್ಯವು ೧೯೯೦ರಲ್ಲಿ ೧೬ ಕೋಟಿ ೨೦ ಲಕ್ಷ ಡಾಲರಿನ ಒಪ್ಪಂದದಿಂದ ಬಗೆಹರಿದು, ರೇವಿನ ಕೆಲವು ಜಮೀನುಗಳು ಅವರ ಕೈಗೆ ಮರಳಿದವು.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಶುದ್ಧಿ ಮುಗಿದ ಕೆಲವೇ ಕಾಲದಲ್ಲಿ ಕಾಲುವೆಯ ತಳದ ಹೊಸ ಮಣ್ಣನ್ನು ಪರೀಕ್ಷಿಸಿದವರು, ಅದರಲ್ಲಿ ‘ಥ್ಯಾಲೇಟ್’ ಎಂಬ ವಸ್ತುಗಳು ಮತ್ತೆ ಸೇರುತ್ತಿರುವುದನ್ನು ಕಂಡರು. ಇವು ಯಾವ ಹಳೆಯ ಕಾರ್ಖಾನೆಯಿಂದಲೂ ಬಂದವಲ್ಲ. ಪ್ಲಾಸ್ಟಿಕ್ಕನ್ನು ಮೆತುವಾಗಿ ಮಾಡಲು ಬೆರೆಸುವ ಎಣ್ಣೆಯಂಥ ವಸ್ತುಗಳಿವು. ನೆಲಕ್ಕೆ ಹಾಸುವ ಹಾಳೆ, ತಂತಿಯ ಹೊದಿಕೆ, ಮೋಟಾರು ಗಾಡಿಯ ಒಳಗಿನ ಮೆತ್ತೆ ಇಂಥವುಗಳಿಂದ ಅವು ಮೆಲ್ಲಮೆಲ್ಲನೆ ಗಾಳಿಗೆ ಏಳುತ್ತವೆ. ಧೂಳಿನೊಡನೆ ಮಾಡು ಬೀದಿಗಳ ಮೇಲೆ ಕೂರುತ್ತವೆ. ಮಳೆ ಬಂದಾಗ ಚರಂಡಿಗೆ ಇಳಿಯುತ್ತವೆ. ಥಿಯಾ ಫಾಸ್ ಕಾಲುವೆಗೆ ಐದು ಸಾವಿರ ಎಕರೆಗೂ ಮಿಕ್ಕ ಊರಿನ ಮಳೆನೀರು ಬಂದು ಬೀಳುತ್ತದೆ. ಕಾಲುವೆಯ ತುದಿಯಲ್ಲಿ ೯೬ ಅಂಗುಲ ಅಗಲದ ಅವಳಿ ಕೊಳವೆಗಳಿವೆ. ಎತ್ತರದ ಆಳೊಬ್ಬನು ಕೈಯೆತ್ತಿ ಅದರೊಳಗೆ ನಿಲ್ಲಬಹುದು. ಅವುಗಳಿಂದ ಬರುವುದು ಕಾರ್ಖಾನೆಯ ಕೊಳೆಯಲ್ಲ, ಮನೆಗಳ ಮತ್ತು ಬೀದಿಗಳ ಕೊಳೆ. ಗಾಡಿಯ ಬ್ರೇಕಿನಿಂದ ಸವೆದ ತಾಮ್ರ, ಟಯರಿನಿಂದಲೂ ತಗಡಿನ ಮಾಡಿನಿಂದಲೂ ತೊಳೆದುಬರುವ ಸತು, ಅಂಗಳಕ್ಕೆ ಬಳಿದ ಡಾಂಬರಿನ ಲೇಪ, ಬಾಗಿಲ ಮುಂದೆ ಗಾಡಿ ತೊಳೆದ ಸಾಬೂನಿನ ನೀರು, ಇವೆಲ್ಲ ಅದರಲ್ಲಿವೆ.

ದೊಡ್ಡ ಕಾರ್ಖಾನೆಯೊಂದರ ಮೇಲೆ ಬೆರಳು ತೋರಿಸಿ ಶುದ್ಧಿಯ ಹಣ ವಸೂಲು ಮಾಡುವುದು ಕಷ್ಟವಾದರೂ ಸಾಧ್ಯ. ಎರಡು ಲಕ್ಷ ಜನರ ಊರಿನಲ್ಲಿ ಮನೆ ಮನೆಯ ಮೇಲೂ ಬೆರಳು ತೋರಿಸುವುದು ಹೇಗೆ? ಟಕೋಮಾದವರು ಇದಕ್ಕೆ ಹಿಡಿದ ದಾರಿಯು ಬಹಳ ಸಾದಾ. ಅದೇ ನನಗೆ ಈ ಎಲ್ಲ ವೃತ್ತಾಂತದಲ್ಲಿ ಹೆಚ್ಚು ಮೆಚ್ಚುಗೆಯಾದದ್ದು. ೨೦೦೧ರಿಂದ ಮೊದಲ್ಗೊಂಡು ಅವರು ಚರಂಡಿಗಳ ಬಾಯಲ್ಲಿ ಮಳೆನೀರನ್ನು ಹಿಡಿದು ಪರೀಕ್ಷಿಸುತ್ತ ಬಂದರು. ಯಾವ ಕೊಳವೆಯಲ್ಲಿ ವಿಷ ಹೆಚ್ಚೆಂದು ಕಂಡಿತೋ ಅದನ್ನು ಹಿಡಿದು ಮೇಲೆ ಮೇಲೆ, ಕವಲಿನಿಂದ ಕವಲಿಗೆ, ಬೀದಿಯಿಂದ ಬೀದಿಗೆ ಹುಡುಕುತ್ತ ಹೋದರು. ನೆಲದಡಿಯ ಕೊಳವೆಗಳಲ್ಲಿ ಹಲವು ವರ್ಷಗಳಿಂದ ಕೂತಿದ್ದ ಹೂಳನ್ನು ತೊಳೆದು ತೆಗೆದರು. ಬೀದಿಗಳನ್ನು ಗುಡಿಸುವ ಕ್ರಮವನ್ನು ಬಿಗಿಮಾಡಿದರು. ಅಂಗಡಿ ಕಾರ್ಖಾನೆಗಳ ಅಂಗಳಗಳಿಗೆ ಹೋಗಿ ನೋಡಿ ಬುದ್ಧಿ ಹೇಳಿದರು. ಕೇಳದವರಿಗೆ ದಂಡ ಹಾಕಿದರು. ಸಂಸ್ಥಾನದ ಶಾಸನಸಭೆಯೂ ನೆರವಿಗೆ ಬಂದಿತು: ಬ್ರೇಕುಗಳಲ್ಲಿ ತಾಮ್ರವನ್ನು ಕ್ರಮವಾಗಿ ತಗ್ಗಿಸಬೇಕೆಂದು ೨೦೧೦ರಲ್ಲಿಯೂ, ಕಲ್ಲಿದ್ದಲ ಡಾಂಬರಿನ ಲೇಪವನ್ನು ಮಾರಕೂಡದೆಂದು ೨೦೧೧ರಲ್ಲಿಯೂ ಕಾನೂನುಗಳಾದವು. ವರ್ಷಗಳು ಕಳೆದಂತೆ ಚರಂಡಿಯ ನೀರಿನಲ್ಲಿ ಸೀಸ, ಸತು, ಡಾಂಬರಿನ ವಸ್ತುಗಳು, ಥ್ಯಾಲೇಟು ಇವೆಲ್ಲ ಗಣನೀಯವಾಗಿ ಇಳಿದದ್ದು ಕಂಡುಬಂದಿತು. ಪೊರಕೆಯ ಮಹಿಮೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅಮೆರಿಕದ ರಸಾಯನಶಾಸ್ತ್ರಜ್ಞರು ಅದನ್ನು ಅಳೆದು ತೋರಿಸಿದರು.

ದೋಣಿಗಳೂ ನಿರ್ದೋಷಿಗಳಲ್ಲ. ಹಲಗೆಗೆ ಚಿಪ್ಪುಹುಳು ಹತ್ತದಿರಲೆಂದು ದೋಣಿಯ ಅಡಿಗೆ ತಾಮ್ರ ಬೆರೆತ ಬಣ್ಣ ಬಳಿಯುವುದು ವಾಡಿಕೆ. ಆ ತಾಮ್ರವು ನೀರಿಗೆ ಇಳಿದು ಮೀನುಮರಿಗಳಿಗೆ ಕೇಡು ಮಾಡುತ್ತದೆ. ದೋಣಿಯ ಶೌಚದ ನೀರನ್ನು ಕಡಲಿಗೆ ಬಿಡುವ ಕೆಟ್ಟ ಪದ್ಧತಿಯೂ ಇತ್ತು. ೨೦೧೮ರಿಂದ ಪ್ಯೂಜೆಟ್ ಸೌಂಡಿನಲ್ಲೆಲ್ಲಿಯೂ ಅದನ್ನು ಬಿಡಕೂಡದೆಂದು ನಿಷೇಧವಾಗಿದೆ; ದೋಣಿಯವರು ನಿಲ್ದಾಣದ ಪಂಪಿನ ಹತ್ತಿರ ಬಂದು ಅದನ್ನು ಖಾಲಿ ಮಾಡಿಸಿಕೊಳ್ಳಬೇಕು.

ಊರಿನ ಗಾಳಿಗೆ ಹೆಸರು ತಂದಿದ್ದ ತಿರುಳಿನ ಕಾರ್ಖಾನೆಯು ೨೦೨೩ರಲ್ಲಿ ಮುಚ್ಚಿತು. ‘ಪರಿಮಳ’ ಹೋಯಿತು, ಅದರೊಡನೆ ನೂರಾರು ಜನರ ಕೆಲಸವೂ ಹೋಯಿತು; ನಲವತ್ತು ವರ್ಷಗಳ ಹಿಂದೆ ಅಂಗಿಗೆ ಸಿಕ್ಕಿಸಿಕೊಂಡಿದ್ದ ಆ ಒಂದು ಮಾತಿನ ಬೇಡಿಕೆ ಇನ್ನೂ ಪೂರ್ತಿಯಾಗಿ ಈಡೇರಿಲ್ಲ.

ಕಾಲುವೆಯ ಮೇಲಿನ ಕಾವಲೂ ಮುಗಿದಿಲ್ಲ. ವಿಷವನ್ನು ಜಾಗದಲ್ಲೇ ಉಳಿಸಿ ಮುಚ್ಚಿದ ಕಡೆಗಳಲ್ಲಿ ಐದು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಬೇಕೆಂದು ಶಾಸನವಿದೆ. ಮರಳಿನ ಹೊದಿಕೆ ಎಲ್ಲಾದರೂ ತೆಳುವಾಗಿದೆಯೇ, ಹಡಗಿನ ಚಕ್ರದ ಸೆಳೆತಕ್ಕೆ ಕೊಚ್ಚಿಹೋಗಿದೆಯೇ ಎಂದು ಅಧಿಕಾರಿಗಳು ನೋಡುತ್ತಾರೆ. ತೀರರಕ್ಷಕ ಪಡೆಯವರು ಈ ಕಾಲುವೆಗೆಂದೇ ಒಂದು ಕಟ್ಟಳೆಯನ್ನು ಮಾಡಿದ್ದಾರೆ. ಯಾವ ದೋಣಿಯಾಗಲಿ, ಎಷ್ಟೇ ಸಣ್ಣದಾಗಲಿ, ಇಲ್ಲಿ ತಳವನ್ನು ಕೆದಕುವ ಕೆಲಸ ಮಾಡಕೂಡದು. ಗೂಟ ಬಡಿಯಕೂಡದು, ಸರಪಳಿ ಎಳೆಯಕೂಡದು, ಲಂಗರು ಬಿಡಕೂಡದು. ಥಿಯಾ ಫಾಸಳ ಹೆಸರಿನ ನೀರಿಗೆ ಬರುವ ದೋಣಿಗಳು ಧಕ್ಕೆಗೆ ಹಗ್ಗ ಕಟ್ಟಿಕೊಂಡೇ ನಿಲ್ಲುತ್ತವೆ.